ಸಿಂಧನೂರಿನ ಲೇತಿನಿಂದ ಮೂವತ್ತೇಳು ಕಿಲೋಮೀಟರ್ ಮೇಲಕ್ಕೆ

೧೯೮೮ರ ಏಪ್ರಿಲ್‌ನಲ್ಲಿ ನಾನು ಹೈದರಾಬಾದಿನ ಒಂದು ಖಾಸಗಿ ಕಂಪನಿಯಲ್ಲಿ ಇನ್‌ಸ್ಪೆಕ್ಷನ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕಂಪನಿ ಚಿಕ್ಕದು. ಮಾಲೀಕರನ್ನೂ ಕಾವಲುಗಾರನನ್ನೂ ಸೇರಿಸಿ ಹದಿನೇಳು ಜನ. ಅವರಲ್ಲಿ ಹೆಂಗಸು ನಾನೊಬ್ಬಳೇ. ತಯಾರಾದ ಪ್ರತಿಯೊಂದು ಭಾಗವನ್ನು ಅಳೆದು, ಡ್ರಾಯಿಂಗಿನಲ್ಲಿ ಬರೆದ ಅಳತೆಗೆ ಸರಿಯಾಗಿದೆಯೇ ಎಂದು ನೋಡಿ ರಿಪೋರ್ಟಿಗೆ ಸಹಿ ಹಾಕುವುದು ನನ್ನ ಕೆಲಸ. ಆ ಸಹಿ ಇಲ್ಲದೆ ಒಂದು ಬೋಲ್ಟು ಕೂಡ ಗೇಟು ದಾಟುವಂತಿರಲಿಲ್ಲ.

ನಮ್ಮ ಮಾಲೀಕರು ಭಾಸ್ಕರರಾಯರು. ಅವರ ತಂದೆ ಹತ್ತಿ ಗಿರಣಿಗಳಿಂದ ಬಹಳ ಸಂಪಾದಿಸಿದ್ದವರು. ರಾಯರು ಸುಮ್ಮನೆ ಕೂತಿದ್ದರೂ ಅವರ ಮೊಮ್ಮಕ್ಕಳವರೆಗೆ ಸಾಕಾಗುವಷ್ಟು ಇತ್ತು. ಆದರೆ ನಲವತ್ತನೆಯ ವಯಸ್ಸಿನಲ್ಲಿ ಅವರಿಗೆ ಬಾಹ್ಯಾಕಾಶದ ಹುಚ್ಚು ಹಿಡಿಯಿತು. ಆ ಕಾಲಕ್ಕೆ ಆಕಾಶದ ಕೆಲಸವೆಂದರೆ ಸರ್ಕಾರದ ಕೆಲಸ. ಖಾಸಗಿಯವರಿಗೆ ಬರುತ್ತಿದ್ದದ್ದು ನಟ್ಟು, ಬೋಲ್ಟು, ತಗಡಿನ ಪೆಟ್ಟಿಗೆ. ಸಿರಿವಂತರ ಮನೆಯ ಮಗ ಹೋಗಿ ಹೋಗಿ ಸರ್ಕಾರಿ ಲ್ಯಾಬಿನ ಬಾಗಿಲಲ್ಲಿ ನಿಲ್ಲುತ್ತಾನಲ್ಲ ಎಂದು ನೆಂಟರು ನಗುತ್ತಿದ್ದರು. ರಾಯರು ತಲೆ ಕೆಡಿಸಿಕೊಳ್ಳಲಿಲ್ಲ. ಆರು ವರ್ಷ ನಟ್ಟು ಬೋಲ್ಟನ್ನೇ ಮಾಡಿಕೊಟ್ಟರು, ಆದರೆ ಒಂದನ್ನೂ ವಾಪಸು ಬರಗೊಡಲಿಲ್ಲ. ಏಳನೆಯ ವರ್ಷ ಒಂದು ವಿಜ್ಞಾನ ಸಂಸ್ಥೆ ನಮಗೆ ಬೇರೆಯದೇ ಕೆಲಸ ಕೊಟ್ಟಿತು.

ಅದನ್ನು ಸ್ವಲ್ಪ ವಿವರಿಸಬೇಕು. ನಕ್ಷತ್ರಗಳಿಂದ ಬರುವ ಎಕ್ಸ್-ರೇ ಕಿರಣಗಳು ನೆಲದವರೆಗೆ ತಲುಪುವುದಿಲ್ಲ, ವಾತಾವರಣ ಅವುಗಳನ್ನು ನುಂಗಿಬಿಡುತ್ತದೆ. ಅವುಗಳನ್ನು ನೋಡಬೇಕಾದರೆ ದೂರದರ್ಶಕವನ್ನೇ ಗಾಳಿಯ ಬಹುಭಾಗದ ಆಚೆಗೆ ಒಯ್ಯಬೇಕು. ಉಪಗ್ರಹ ಹಾರಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಆದ್ದರಿಂದ ಕಾಗದಕ್ಕಿಂತ ತೆಳ್ಳಗಿನ ಪ್ಲಾಸ್ಟಿಕ್ಕಿನಲ್ಲಿ ಒಂದು ದೊಡ್ಡ ಬಲೂನು ಮಾಡಿ, ಹೈಡ್ರೋಜನ್ ತುಂಬಿ, ಅದರ ಕೆಳಗೆ ದೂರದರ್ಶಕವನ್ನು ತೂಗುಹಾಕಿ ಬಿಡುತ್ತಾರೆ. ಬಲೂನು ಸುಮಾರು ಮೂವತ್ತೇಳು ಕಿಲೋಮೀಟರ್ ಎತ್ತರಕ್ಕೆ ಹೋಗಿ ಗಾಳಿಯ ಜೊತೆ ತೇಲುತ್ತದೆ. ಕೆಲಸ ಮುಗಿದ ಮೇಲೆ ಕೆಳಗಿನಿಂದ ರೇಡಿಯೋ ಆಜ್ಞೆ ಕೊಟ್ಟು ಹಗ್ಗ ಕತ್ತರಿಸುತ್ತಾರೆ, ಉಪಕರಣ ಪ್ಯಾರಾಚೂಟ್ ಹಿಡಿದು ಇಳಿಯುತ್ತದೆ. ಉಪಕರಣವನ್ನು ಹೊತ್ತ ಚೌಕಟ್ಟಿಗೆ ಗೊಂಡೋಲ ಎನ್ನುತ್ತಾರೆ. ಗೊಂಡೋಲವನ್ನು ಬಲೂನಿನ ಹಗ್ಗಕ್ಕೆ ಜೋಡಿಸುವ ತಿರುಗುಕೀಲಿಗೆ ಪಿವಟ್ ಎಂದು ಹೆಸರು. ಹಗ್ಗ ಎಷ್ಟೇ ಹುರಿಗೊಂಡರೂ ದೂರದರ್ಶಕ ತನ್ನ ನಕ್ಷತ್ರದ ಕಡೆಗೇ ಮುಖಮಾಡಿರಬೇಕಾದರೆ ಮೋಟಾರಿನ ಬಲಕ್ಕೆ ಈ ಪಿವಟ್ ಸರಾಗವಾಗಿ ತಿರುಗಬೇಕು.

ಸಂಸ್ಥೆ ನಮಗೆ ಗೊಂಡೋಲ ಮತ್ತು ಪಿವಟ್ ಎರಡನ್ನೂ ಕೊಟ್ಟಿತ್ತು. ಬರೀ ತಯಾರಿಕೆ ಅಲ್ಲ, ವಿನ್ಯಾಸವೂ ನಮ್ಮದೇ. ಖಾಸಗಿ ಕಂಪನಿಗೆ ಪಿವಟ್ಟಿನ ವಿನ್ಯಾಸ ಕೊಡುವುದು ಬೇಡ ಎಂದು ಅಲ್ಲಿ ಅನೇಕರು ಹೇಳಿದ್ದರಂತೆ. ಹಾರಾಟದ ಮುಖ್ಯಸ್ಥರಾಗಿದ್ದ ಪ್ರೊಫೆಸರ್ ಅನಂತಯ್ಯನವರು, ಮೈಸೂರು ಕಡೆಯವರು, "ಒಂದು ಸಲ ಕೊಟ್ಟು ನೋಡೋಣ" ಎಂದು ಜವಾಬ್ದಾರಿ ತಮ್ಮ ಮೇಲೆ ಹಾಕಿಕೊಂಡಿದ್ದರು.

ಬೇಸಿಗೆಯಲ್ಲಿ ಆ ಎತ್ತರದ ಗಾಳಿ ಪಶ್ಚಿಮಕ್ಕೆ ಬೀಸುತ್ತದೆ. ಹೈದರಾಬಾದಿನಲ್ಲಿ ಬಿಟ್ಟ ಬಲೂನು ರಾಯಚೂರು ಜಿಲ್ಲೆಯ ಮೇಲೆ ಬರುತ್ತದೆ. ಅದಕ್ಕೆಂದೇ ಉಪಕರಣವನ್ನು ಹುಡುಕಿ ತರುವ ಜೀಪನ್ನು ಮೊದಲೇ ಲಿಂಗಸುಗೂರಿಗೆ ಕಳಿಸಬೇಕಿತ್ತು. ಲಿಂಗಸುಗೂರು ನನ್ನ ಹುಟ್ಟೂರು. "ಶರಣಮ್ಮಾ, ಭಾಷೆ ಬಲ್ಲವರು ಒಬ್ಬರಿರಬೇಕು. ನೀವೇ ಹೋಗಿಬನ್ನಿ" ಎಂದು ರಾಯರು ನನ್ನನ್ನು ಆ ಜೀಪಿಗೆ ಹತ್ತಿಸಿದರು. ನನ್ನ ಜೊತೆ ಡ್ರೈವರ್ ಮತ್ತು ಸಂಸ್ಥೆಯ ಒಬ್ಬ ಸಹಾಯಕ ವಿಜ್ಞಾನಿ ಇದ್ದರು. ಪ್ರವಾಸಿ ಮಂದಿರದ ಅಂಗಳದಲ್ಲಿ ವೈರ್‌ಲೆಸ್ ಸೆಟ್ಟು ಹೂಡಿ ಕೂತೆವು. ಅವ್ವ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಮೂವರಿಗೂ ಬಡಿಸಿ, ಮಗಳು ಮಾಡಿದ್ದು ಆಕಾಶದಲ್ಲಿ ಹೊರಟಿದೆಯೆಂದು ಮಂದಿರದ ಅಡಿಗೆಯವನಿಗೂ ಹೇಳಿಹೋದಳು.

ಬಲೂನು ನಸುಕಿಗೆ ಏರಿತ್ತು. ಹತ್ತು ಗಂಟೆಯವರೆಗೆ ಎಲ್ಲ ಸರಿಯಾಗಿತ್ತು. ಹತ್ತೂವರೆಗೆ ವೈರ್‌ಲೆಸ್ಸಿನಲ್ಲಿ ಬಂದ ಸುದ್ದಿ ಎರಡೇ ವಾಕ್ಯದ್ದು: ಮೋಟಾರಿಗೆ ಕರೆಂಟು ಸರಿಯಾಗಿ ಸಿಗುತ್ತಿದೆ. ಪಿವಟ್ ತಿರುಗುತ್ತಿಲ್ಲ.

ಪಕ್ಕದಲ್ಲಿದ್ದ ಸಹಾಯಕ ವಿಜ್ಞಾನಿ ನನ್ನ ಮುಖ ನೋಡಲಿಲ್ಲ. ನನಗೆ ಮಾತ್ರ ಒಂದು ಸಂಗತಿ ಗೊತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಪಿವಟ್ಟಿನ ಚಳಿ ಪರೀಕ್ಷೆ ಮಾಡಿದ್ದೆವು. ಮೇಲಕ್ಕೆ ಹೋಗುವಾಗ ಒಂದು ಹಂತದಲ್ಲಿ ಚಳಿ ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ನಮ್ಮಲ್ಲಿ ಚಳಿಯ ಕೋಣೆ ಇರಲಿಲ್ಲ. ಮರದ ಪೆಟ್ಟಿಗೆಯಲ್ಲಿ ಡ್ರೈ ಐಸ್ ತುಂಬಿ, ಪಿವಟ್ಟನ್ನು ಒಂದು ಗಂಟೆ ಇಟ್ಟು, ಸ್ಪ್ರಿಂಗ್ ಬ್ಯಾಲೆನ್ಸಿನಿಂದ ಎಳೆದು ತಿರುಗಿಸಿ ನೋಡಿದ್ದೆವು. ನಾಲ್ಕು ಕಿಲೋ ಮೀರದ ಎಳೆತಕ್ಕೆ ತಿರುಗಿದರೆ ಪಾಸು. ಮೊದಲು ಎರಡು ಕಿಲೋ ಇತ್ತು. ಕೊನೆಯ ಹತ್ತು ನಿಮಿಷದಲ್ಲಿ ಮೂರು ದಾಟಿತು. ಮಿತಿಯ ಒಳಗೇ ಇತ್ತು, ನಿಜ. ಆದರೆ ಹಿಡಿಕೆ ತಿರುಗಿಸಿದ ನನ್ನ ಕೈಗೆ ಅದು ಹಿಡಿದುಕೊಳ್ಳುತ್ತಿದೆ ಎನ್ನಿಸಿತ್ತು. ಫೋರ್‌ಮನ್ನನಿಗೆ ಹೇಳಿದೆ. "ಹೊಸ ಗ್ರೀಸು, ಹಾಗೇ ಇರುತ್ತದೆ" ಎಂದ. ಫಾರಂನಲ್ಲಿ ಇದ್ದದ್ದು ಎರಡೇ ಖಾನೆ: ಸರಿ, ಸರಿಯಲ್ಲ. ನಾನು "ಸರಿ" ಖಾನೆಯಲ್ಲಿ ಗುರುತು ಹಾಕಿದೆ. ಮೂರು ದಾಟಿದ ಸಂಖ್ಯೆ ನನ್ನ ಡೈರಿಯಲ್ಲಷ್ಟೇ ಉಳಿಯಿತು.

ಮಧ್ಯಾಹ್ನ ಎರಡಕ್ಕೆ ಆಜ್ಞೆ ಕೊಟ್ಟು ಹಗ್ಗ ಕತ್ತರಿಸಿದರು. ನಾವು ಮಸ್ಕಿ ದಾಟಿ ಸಿಂಧನೂರಿನ ದಾರಿ ಹಿಡಿದಿದ್ದೆವು. ಜೀಪಿನ ರಿಸೀವರಿನಲ್ಲಿ ಗೊಂಡೋಲದ ಬೀಪ್ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಅಲ್ಲಿಂದ ಮುಂದೆ ಜನರೇ ದಾರಿ ತೋರಿಸಿದರು. ಚಹಾದಂಗಡಿಯ ಮುಂದೆ ನಿಂತವರೊಬ್ಬರು ನಾವು ಕೇಳುವ ಮೊದಲೇ ಕೈಮಾಡಿ, "ಛತ್ರಿ ಬಿದ್ದೈತಲ್ರೀ, ಆರ್.ಎಚ್. ಕ್ಯಾಂಪಿನ ಕಡಿ. ಅರ್ಧ ಊರೇ ಹೋಗೈತಿ ನೋಡಾಕ" ಎಂದರು.

ಬೇಸಿಗೆ ಭತ್ತ ಕೊಯ್ಲಿಗೆ ಬಂದಿತ್ತು. ಹೊಂಬಣ್ಣದ ಗದ್ದೆಯಲ್ಲಿ ಎಳೆದಾಡಿದ ಒಂದು ಉದ್ದ ಗೀರು, ಅದರ ಕೊನೆಗೆ ನಮ್ಮ ಗೊಂಡೋಲ ಮಗ್ಗುಲಾಗಿ ಬಿದ್ದಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ತುಂಬಿ ಹರಿಯುವ ಕಾಲುವೆ. ಸುತ್ತ ಇನ್ನೂರು ಜನ ನಿಂತಿದ್ದರು, ಆದರೆ ಒಬ್ಬರೂ ಹತ್ತಿರ ಇರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಕಚ್ಚೆ ಸೀರೆಯ ಹೆಂಗಸೊಬ್ಬಳು ಕುಡಗೋಲು ಹಿಡಿದು ನಿಂತಿದ್ದಳು. ಗದ್ದೆ ಅವಳದೇ. ಹೆಸರು ಹುಲಿಗೆಮ್ಮ.

"ದೂರ ನಿಂದ್ರಿ! ಇದರ ಧಣಿ ಬರೂತನ ಯಾರೂ ಮುಟ್ಟಂಗಿಲ್ಲ" ಎಂದು ನನಗೂ ಗದರಿದಳು.

"ನಾವ ಅದರ ಧಣಿ ಕಡಿಯವರು ಬೇ ಯಕ್ಕಾ. ನಾ ಲಿಂಗಸುಗೂರಿನಾಕಿ."

"ಲಿಂಗಸುಗೂರಿನಾಕಿ ಅಂತಿ, ನಿನ್ನ ಡಬ್ಬಿ ಮ್ಯಾಲಿಂದ ಬರ್ತೈತಿ?" ಎಂದಳು. ಜನ ನಕ್ಕರು, ಅವಳೂ ನಕ್ಕಳು. ಕುಡಗೋಲು ಕೆಳಗಿಳಿಯಿತು.

ನಡೆದದ್ದನ್ನು ಅವಳೇ ಹೇಳಿದಳು. ನೆಲ ಮುಟ್ಟಿದ ಕೂಡಲೇ ಪ್ಯಾರಾಚೂಟಿನ ಕೊಂಡಿ ತಾನೇ ಕಳಚಿಕೊಳ್ಳಬೇಕಿತ್ತು, ಕಳಚಲಿಲ್ಲ. ಮಧ್ಯಾಹ್ನದ ಗಾಳಿ ಪ್ಯಾರಾಚೂಟಿಗೆ ತುಂಬಿ, ಮುನ್ನೂರೈವತ್ತು ಕಿಲೋ ತೂಕದ ಗೊಂಡೋಲವನ್ನು ಕಾಲುವೆಯ ಕಡೆಗೆ ಎಳೆದುಕೊಂಡು ಹೊರಟಿತ್ತು. ನಡುವೆ ಅದು ಬದುವಿಗೆ ತಾಗಿ ಕ್ಷಣ ನಿಂತಾಗ ಪೆಟ್ಟಿಗೆಗೆ ಅಂಟಿಸಿದ ಚೀಟಿಯನ್ನು ಅವಳ ಗಂಡ ಓದಿ, "ಮುಟ್ಟಬಾರದು ಅಂತ ಬರದಾರ" ಎಂದು ಹಿಂದೆ ಸರಿದನಂತೆ. ಆ ಚೀಟಿಯ ಕನ್ನಡ ಬರೆದವಳು ನಾನೇ: "ಇದು ವೈಜ್ಞಾನಿಕ ಉಪಕರಣ, ದಯವಿಟ್ಟು ಸ್ಪರ್ಶಿಸಬೇಡಿರಿ."

"ಚೀಟಿ ಮಾತ ಕೇಳಿ ನಿಂತಿದ್ರ ನಿಮ್ಮದು ಕಾಲುವಿ ಪಾಲಾಕ್ಕಿತ್ತು. ನಾ ಬೆನ್ನತ್ತಿ ಓಡಿ ಹಗ್ಗ ಒಂದೊಂದ ಕೊಯ್ದೆ. ಇವನ್ನ ಕರದು ಛತ್ರಿ ಮ್ಯಾಲ ಕುಂದ್ರಿಸಿದೆ" ಎಂದು ಗಂಡನ ಕಡೆ ಕೈ ತೋರಿಸಿದಳು. ಆತ ನಿಜವಾಗಿಯೂ ಪ್ಯಾರಾಚೂಟಿನ ಬಟ್ಟೆಯ ಮೇಲೆ ಇನ್ನೂ ಕೂತೇ ಇದ್ದ.

ಆ ಉಪಕರಣದ ಒಳಗೆ ಮೂರು ವರ್ಷದ ಶ್ರಮ ಇತ್ತು. ಕಾಲುವೆಗೆ ಬಿದ್ದಿದ್ದರೆ ದೂರದರ್ಶಕದ ಜೊತೆ ಪಿವಟ್ ನಿಂತ ಕಾರಣವೂ ಮುಳುಗಿಹೋಗುತ್ತಿತ್ತು. ನಾನು ಹುಲಿಗೆಮ್ಮನ ಕೈ ಹಿಡಿದುಕೊಂಡೆ. ಹಗ್ಗ ಉಜ್ಜಿ ಅಂಗೈ ಸುಲಿದಿತ್ತು.

ಸಹಾಯಕ ವಿಜ್ಞಾನಿಯವರು ಕೆಸರು ತೊಳೆಯಲು ಕಾಲುವೆಯಿಂದ ನೀರು ತರಿಸಲು ಹೊರಟರು. ನಾನು ತಡೆದೆ. "ದೂರದರ್ಶಕ ಒರೆಸಿಕೊಳ್ಳಿ. ಪಿವಟ್ಟಿನ ಮೇಲೆ ಒಂದು ಹನಿ ನೀರೂ ಬೀಳಬಾರದು. ಅದು ಏಕೆ ನಿಂತಿತೋ ಅದರೊಳಗೇ ಇದೆ." ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಕಾಗದ ಅಂಟಿಸಿ ಇಬ್ಬರೂ ಸಹಿ ಮಾಡಿದೆವು. ಆರ್.ಎಚ್. ಕ್ಯಾಂಪ್ ಎಂದರೆ ಪೂರ್ವ ಬಂಗಾಳದ ನಿರಾಶ್ರಿತರಿಗೆ ಸರ್ಕಾರ ಮಾಡಿಕೊಟ್ಟ ಊರು; ಅಲ್ಲಿನ ಬಂಗಾಳಿ ರೈತರು ಬಿದಿರಿನ ಗಳ ತಂದು ಹೆಗಲು ಕೊಟ್ಟರು. ಹುಲಿಗೆಮ್ಮನ ಗಂಡ, ಊರಿನ ಗಂಡಸರು, ಅವರು, ಎಲ್ಲ ಸೇರಿ ಗೊಂಡೋಲವನ್ನು ಹೊತ್ತು ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಿದರು. ಬೆಳೆ ಹಾನಿಯ ವಿವರವನ್ನು ಸಹಾಯಕ ವಿಜ್ಞಾನಿಯವರು ಅಲ್ಲೇ ಬರೆದುಕೊಂಡರು.

ಸಿಂಧನೂರಿನಲ್ಲಿ ರಾಯರ ಸೋದರಮಾವನದೊಂದು ರೈಸ್ ಮಿಲ್ಲು ಇತ್ತು. ಅದರ ಹಿತ್ತಲಿನಲ್ಲಿ ಮಿಲ್ಲಿನ ಯಂತ್ರಗಳ ರಿಪೇರಿಗೆಂದು ಒಂದು ವರ್ಕ್‌ಶಾಪು. ಅದನ್ನು ನೋಡಿಕೊಳ್ಳುತ್ತಿದ್ದವರು ಖಾದರಸಾಬರು, ಐವತ್ತು ದಾಟಿದ ಟರ್ನರ್, ಲೇತಿನ ಮೇಲೆ ಲೋಹ ತಿರುಗಿಸಿ ಕಡೆಯುವವರು. ಗೊಂಡೋಲವನ್ನು ಅಲ್ಲಿಗೇ ಒಯ್ದೆವು. ಲಾರಿಯಲ್ಲಿ ಹೈದರಾಬಾದಿನವರೆಗೆ ಕುಲುಕಿಸುವ ಮೊದಲು ಪಿವಟ್ಟನ್ನು ಎಲ್ಲರ ಎದುರಿಗೆ ಬಿಚ್ಚಬೇಕು ಎಂದು ನಾನು ಟ್ರಂಕ್ ಕಾಲ್ ಮಾಡಿ ರಾಯರಿಗೆ ಹೇಳಿದೆ. ಮಾರನೆಯ ದಿನ ಹನ್ನೊಂದರ ಹೊತ್ತಿಗೆ ರಾಯರೂ ಪ್ರೊಫೆಸರ್ ಅನಂತಯ್ಯನವರೂ ಬಂದರು. ಬೇರೆ ಬೇರೆ ಕಾರುಗಳಲ್ಲಿ ಬಂದರು ಎನ್ನುವುದರಲ್ಲೇ ನನಗೆ ಎಲ್ಲ ಅರ್ಥವಾಯಿತು.

ಪ್ರೊಫೆಸರರು ಸಿಟ್ಟಿನ ಮನುಷ್ಯರಲ್ಲ. ಮೆಲ್ಲಗೇ ಹೇಳಿದರು: "ರಾಯರೇ, ಇನ್ನು ಮುಂದೆ ಪಿವಟ್ ನಮ್ಮ ವರ್ಕ್‌ಶಾಪಿನಲ್ಲೇ ಆಗಲಿ. ನೀವು ಚೌಕಟ್ಟು ಮಾಡಿಕೊಡಿ, ಸಾಕು."

ರಾಯರು ತಲೆಯಾಡಿಸಿದರು. ನಾನು ಗಂಟಿನ ಕಾಗದ ಹರಿದು, ಪ್ಲಾಸ್ಟಿಕ್ ಬಿಚ್ಚಿ, ಪಿವಟ್ಟಿನ ಹಿಡಿಕೆ ಹಿಡಿದು ತಿರುಗಿಸಿದೆ. ಅದು ಬೆಣ್ಣೆಯಂತೆ ತಿರುಗಿತು.

ಪ್ರೊಫೆಸರರು ತಾವೇ ತಿರುಗಿಸಿ ನೋಡಿದರು. ಸರಾಗ. ಮತ್ತೊಮ್ಮೆ ತಿರುಗಿಸಿದರು. ಸಹಾಯಕ ವಿಜ್ಞಾನಿಯವರು ಇಂಗ್ಲಿಷಿನಲ್ಲಿ ಮೆಲ್ಲಗೆ, ಹಾಗಾದರೆ ತಪ್ಪು ನಮ್ಮ ಎಲೆಕ್ಟ್ರಾನಿಕ್ಸಿನದೇ ಇರಬೇಕು ಎಂದರು. ನಮ್ಮ ಕಂಪನಿ ಉಳಿಯಲು ಅಷ್ಟು ಸಾಕಿತ್ತು. ರಾಯರು ಆ ಮಾತನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದರೆ ಯಾರೂ ಏನೂ ಹೇಳುವಂತಿರಲಿಲ್ಲ. ಅವರು ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, "ಹೇಳಿ ಶರಣಮ್ಮಾ. ಏನಿದ್ದರೂ ಹೇಳಿ" ಎಂದರು.

ನಾನು ಕೈಚೀಲದಿಂದ ಡೈರಿ ತೆಗೆದು ಪ್ರೊಫೆಸರರ ಕೈಗೆ ಕೊಟ್ಟೆ. "ಸರ್, ಈಗ ತಿರುಗುತ್ತಿದೆ ಎಂದು ಇದನ್ನು ನಂಬಬೇಡಿ. ಮಾರ್ಚಿನಲ್ಲಿ ಚಳಿಗೆ ಇಟ್ಟಾಗ ಕೊನೆಗೆ ಬಿಗಿಯಾಗುತ್ತಿತ್ತು. ಮಿತಿಯ ಒಳಗಿತ್ತು, ಅದಕ್ಕೇ ನಾನು ರಿಪೋರ್ಟಿನಲ್ಲಿ ಬರೆಯಲಿಲ್ಲ. ಅದು ನನ್ನ ತಪ್ಪು."

ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಆದರೆ ರಾಯರು ಹೇಳಿದ್ದು ನನಗೆ ಇಂದಿಗೂ ನೆನಪಿದೆ: "ಪ್ರೊಫೆಸರರೇ, ನಟ್ಟು ಬೋಲ್ಟು ಮಾಡುವವನಿಗೆ ಮಿತಿಯ ಒಳಗಿದ್ದರೆ ಸಾಕು. ಆಕಾಶದ ಕೆಲಸ ನಾವೂ ಮಾಡುತ್ತೇವೆ ಎಂದು ಮುಂದೆ ಬಂದ ಮೇಲೆ ಅಷ್ಟು ಸಾಲದು. ತಪ್ಪು ಕಂಪನಿಯದು. ಈ ಹುಡುಗಿಯದಲ್ಲ."

ಆಗ ಮುಂದೆ ಬಂದವರು ಅಲ್ಲಿಯವರೆಗೆ ಬಾಗಿಲ ಹತ್ತಿರ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ನಿಂತಿದ್ದ ಖಾದರಸಾಬರು. ಉಗುರಿನಿಂದ ಪಿವಟ್ಟಿನ ಮೈ ತಟ್ಟಿದರು. "ಮೇಡಂ ರೀ, ಈ ಹೊರಗಿನ ಮನಿ ಅಲ್ಯೂಮಿನಿಯಂದು. ಒಳಗಿನ ಬೇರಿಂಗ್ ಉಕ್ಕಿಂದು. ಹೌದಿಲ್ಲೋ?"

"ಹೌದ್ರೀ." ಮನಿ ಎಂದರೆ ಬೇರಿಂಗ್ ಕೂರುವ ಹೊರಕವಚ.

"ನಮ್ಮ ಮಿಲ್ಲಿನಾಗ ಇದರ ಉಲ್ಟಾ ಆಗ್ತೈತಿ. ಭತ್ತ ಕುದಿಸೋ ಕಡಿ ಬಿಸಿಗೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗಿ ಬೇರಿಂಗ್ ಸಡ್ಲ ಆಗ್ತೈತಿ. ಬಿಸಿಗೆ ಸಡ್ಲ ಆದ್ರ ಥಂಡಿಗೆ ಹಿಚುಕಬೇಕಲ್ರೀ. ಐಸ್ ತರಸ್ಲೇನು?"

ಕಾಲೇಜು ಓದಿಬಂದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಲೆಕ್ಕ ಕಷ್ಟದ್ದಲ್ಲ. ಚಳಿಗೆ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಕುಗ್ಗುತ್ತದೆ. ನಮ್ಮ ಅಳತೆಯ ಬೇರಿಂಗಿಗೆ ಅದು ಮಿಲಿಮೀಟರಿನ ನೂರು ಪಾಲಿನಲ್ಲಿ ಏಳೆಂಟು ಪಾಲು. ಬೇರಿಂಗಿನೊಳಗೆ ಅಷ್ಟು ಜಾಗವೇ ಇರುವುದಿಲ್ಲ. ಇದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆ ಪಾಸಾಯಿತಲ್ಲ ಎಂದು ಬಿಟ್ಟಿದ್ದೆವು. ಪರೀಕ್ಷೆಯಲ್ಲಿ ನಾವು ಅಳೆದದ್ದು ಪೆಟ್ಟಿಗೆಯ ಗಾಳಿಯ ಚಳಿಯನ್ನು. ಅಷ್ಟು ದಪ್ಪದ ಲೋಹ ಒಂದು ಗಂಟೆಯಲ್ಲಿ ಪೂರ್ತಿ ತಣ್ಣಗಾಗುವುದಿಲ್ಲ. ಮೇಲೆ ಆಕಾಶದಲ್ಲಿ ಅದಕ್ಕೆ ತಣ್ಣಗಾಗಲು ಬೇಕಾದಷ್ಟು ಹೊತ್ತು ಸಿಕ್ಕಿತ್ತು.

ಊರಿನ ಐಸ್ ಫ್ಯಾಕ್ಟರಿಯಿಂದ ಗಡ್ಡೆಗಳು ಬಂದವು. ಕುಟ್ಟಿ ಪುಡಿ ಮಾಡಿ, ಉಪ್ಪು ಬೆರೆಸಿ, ಡ್ರಮ್ಮಿನಲ್ಲಿ ಪಿವಟ್ಟಿನ ಸುತ್ತ ತುಂಬಿದೆವು. ಚಳಿ ಹೊರಗೆ ಹೋಗದಂತೆ ಡ್ರಮ್ಮಿನ ಸುತ್ತ ಗೋಣಿಚೀಲ ಕಟ್ಟಿ ಭತ್ತದ ಹೊಟ್ಟು ಸುರಿದವರು ಖಾದರಸಾಬರೇ. ಹೊರಗೆ ನಲವತ್ತು ಡಿಗ್ರಿ ಬಿಸಿಲು. ನಾಲ್ಕು ಗಂಟೆ ಕಾದೆವು. ಸಂಜೆ ಐದಕ್ಕೆ ಪ್ರೊಫೆಸರರು ಹಿಡಿಕೆಗೆ ಕೈ ಹಾಕಿದರು. ಅಲುಗಲಿಲ್ಲ. ಎರಡೂ ಕೈ ಹಾಕಿದರು. ಬಹಳ ಹೊತ್ತಿಗೆ ಒಂದಿಷ್ಟು ಸರಿದು ಮತ್ತೆ ನಿಂತಿತು.

ಸೋತವರ ಹಾಗೆ ಕಾಣಬೇಕಿದ್ದ ನಾವು ಎಲ್ಲರೂ ನಗುತ್ತಿದ್ದೆವು. ಕಾರಣ ಸಿಕ್ಕ ಸಂತೋಷ ಅಂಥದ್ದು. ಪ್ರೊಫೆಸರರು ಡೈರಿಯನ್ನು ನನಗೆ ವಾಪಸು ಕೊಡುತ್ತ, "ಇದು ಇಲ್ಲದಿದ್ದರೆ ನಾವು ಒಂದು ವರ್ಷ ಎಲೆಕ್ಟ್ರಾನಿಕ್ಸ್ ಬಿಚ್ಚುತ್ತ ಕೂತಿರುತ್ತಿದ್ದೆವು" ಎಂದರು. ಪಿವಟ್ಟನ್ನು ತಮ್ಮ ವರ್ಕ್‌ಶಾಪಿಗೆ ಒಯ್ಯುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಆದರೆ ಸಮಯ ಇರಲಿಲ್ಲ. ಎರಡನೆಯ ಬಲೂನು ಸಿದ್ಧವಿತ್ತು. ಆ ವರ್ಷಕ್ಕೆ ಅನುಕೂಲವಾದ ಗಾಳಿ ಉಳಿದದ್ದು ಇನ್ನು ಹನ್ನೊಂದು ದಿನ. ಪರಿಹಾರ ಸರಳವಾಗಿತ್ತು: ಅಲ್ಯೂಮಿನಿಯಂ ಮನೆಯನ್ನು ತುಸು ಅಗಲಿಸಿ ಕೊರೆದು, ಅದಕ್ಕೂ ಬೇರಿಂಗಿಗೂ ನಡುವೆ ಒಂದು ಕಬ್ಬಿಣದ ತೋಳು, ಅಂದರೆ ತೆಳುವಾದ ಕೊಳವೆ, ಕೂರಿಸಬೇಕು, ಸುತ್ತ ಕೂದಲೆಳೆಯಷ್ಟು ಸಂದು ಬಿಡಬೇಕು. ಆಗ ಹೊರಮನೆ ಎಷ್ಟೇ ಕುಗ್ಗಿದರೂ ಬೇರಿಂಗಿಗೆ ತಾಗುವುದಿಲ್ಲ. ಕಷ್ಟ ಇದ್ದದ್ದು ಎಲ್ಲಿ ಮಾಡಿಸುವುದು ಎಂಬುದರಲ್ಲಿ. ಹೈದರಾಬಾದಿನ ನಮ್ಮ ಲೇತಿನಲ್ಲಿ ಆ ಮನೆ ಕೂರುತ್ತಿರಲಿಲ್ಲ. ಮೊದಲು ಕೊರೆಸಿದ್ದು ಬೇರೊಂದು ಕಾರ್ಖಾನೆಯಲ್ಲಿ, ಅಲ್ಲಿ ಮೂರು ವಾರದ ಸರದಿ.

ರಾಯರು ಖಾದರಸಾಬರ ಲೇತನ್ನು ನೋಡುತ್ತಿದ್ದರು. ಮಿಲ್ಲಿನ ದೊಡ್ಡ ಪುಲ್ಲಿ ಚಕ್ರಗಳನ್ನು ಕಡೆಯುವ ಹಳೆಯ ಲೇತು, ತನ್ನದೇ ಮೋಟಾರಿನ ಬೆಲ್ಟಿನಿಂದ ಓಡುವಂಥದ್ದು. ಪ್ರೊಫೆಸರರು ಗಾಬರಿಯಾದರು. "ರೈಸ್ ಮಿಲ್ಲಿನ ಲೇತಿನಲ್ಲೇ?"

"ಶರಣಮ್ಮ ಅಳೆಯುತ್ತಾರೆ. ಅವರು ಸರಿ ಎಂದರೆ ಒಯ್ಯೋಣ, ಇಲ್ಲದಿದ್ದರೆ ಈ ವರ್ಷಕ್ಕೆ ಬಿಡೋಣ" ಎಂದರು ರಾಯರು.

ತೋಳಿಗೆ ತಕ್ಕ ಕಬ್ಬಿಣ ಹುಡುಕಲು ಖಾದರಸಾಬರು ಹತ್ತು ನಿಮಿಷ ತೆಗೆದುಕೊಂಡರು. ಬಜಾರಿನ ಬಿಡಿಭಾಗದ ಅಂಗಡಿಯಿಂದ ಟ್ರ್ಯಾಕ್ಟರ್ ಎಂಜಿನಿನ ಎರಡು ಹೊಸ ಲೈನರ್ ತಂದಿಟ್ಟರು. ಪಿಸ್ಟನ್ ಓಡಾಡುವ ಕೊಳವೆ ಅದು. ಒಳ್ಳೆಯ ಬೀಡುಕಬ್ಬಿಣ, ಚಳಿಗೆ ಕುಗ್ಗುವುದರಲ್ಲಿ ಉಕ್ಕಿನ ಜೊತೆಗೇ ನಡೆಯುತ್ತದೆ. ಮೇಲಂಚಿಗೆ ಬಿಗಿಯಲು ಒಂದು ಅಂಚುಪಟ್ಟಿಯೂ ಇರುತ್ತದೆ.

"ನಾವು ಸೂತು, ಅರ್ಧ ಸೂತು ನೋಡೋ ಮಂದಿ" ಎಂದರು ಖಾದರಸಾಬರು. ಸೂತು ಎಂದರೆ ಇಂಚಿನ ಎಂಟನೇ ಒಂದು ಪಾಲು. "ನೀವು ಹೇಳೋ ನೂರರಾಗ ಒಂದು ಪಾಲು ನನ್ನ ಕಣ್ಣಿಗೆ ಕಾಣಂಗಿಲ್ರೀ. ನೀವು ಅಳದು ಹೇಳ್ರಿ, ನಾ ಕೈಲೆ ತಗೀತೀನಿ. ಆದರ ಮುಂಜಾನಿ ಏಳರಿಂದ ಹತ್ತರತನ ಅಷ್ಟ. ಬಿಸಿಲೇರಿತಂದ್ರ ಲೋಹ ಹಿಗ್ಗಿ ಸುಳ್ಳು ಹೇಳ್ತೈತಿ."

ಮೊದಲ ಬೆಳಿಗ್ಗೆ ಅಲ್ಯೂಮಿನಿಯಂ ಮನೆ ಅಗಲಿಸಿದರು. ಎರಡನೆಯ ಬೆಳಿಗ್ಗೆ ಒಂದು ಲೈನರ್ ಕೆಟ್ಟಿತು. ಕೊನೆಯ ಕೊರೆತದಲ್ಲಿ ನಡುಗಿ, ಒಳಮೈಯಲ್ಲಿ ಅಲೆ ಎದ್ದವು. ಖಾದರಸಾಬರು ಬೈಯಲಿಲ್ಲ, ಬೇಸರಿಸಲಿಲ್ಲ. ಲೇತು ನಿಲ್ಲಿಸಿ ಉಳಿಯನ್ನು ಮತ್ತೆ ಮಸೆದು, ಬೆಲ್ಟಿಗೆ ರಾಳ ಹಚ್ಚಿ, ಮಾರನೆಯ ಬೆಳಿಗ್ಗೆ ಮಿಲ್ಲಿನ ದೊಡ್ಡ ಎಂಜಿನ್ನನ್ನು ಮೂರು ತಾಸು ಬಂದ್ ಇಡಲು ಹೇಳಿದರು. ಅದರ ಅದುರು ನೆಲದಿಂದ ಲೇತಿಗೆ ಬರುತ್ತಿತ್ತು. ಅವರು ಹೇಳುವವರೆಗೆ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಮೂರನೆಯ ಬೆಳಿಗ್ಗೆ ಇಡೀ ಮಿಲ್ಲು ಸ್ತಬ್ಧವಾಗಿತ್ತು. ಹಮಾಲರೂ ಮೂಟೆ ಇಳಿಸದೆ ಬಾಗಿಲಲ್ಲಿ ನಿಂತಿದ್ದರು. ಅವರು ಒಂದು ಪಾಲು ತೆಗೆಯುವರು, ನಾನು ಮೈಕ್ರೋಮೀಟರಿನಲ್ಲಿ ಅಳೆಯುವೆ. "ಇನ್ನೂ ಎರಡು." ಮತ್ತೆ ಲೇತು. "ಇನ್ನೊಂದು." ಕೊನೆಗೆ ಬೇರಿಂಗ್ ಕೂರಿಸಿದಾಗ ಅದು ಹೆಬ್ಬೆರಳಿನ ಒತ್ತಿಗೆ ನಿಧಾನವಾಗಿ ಇಳಿದು ಕೂತಿತು. ನಾನು ಮೂರು ಕಡೆ ಅಳೆದೆ. ಮೂರೂ ಕಡೆ ಒಂದೇ ಸಂಖ್ಯೆ. ಹೈದರಾಬಾದಿನ ಒಳ್ಳೆಯ ಯಂತ್ರಗಳಲ್ಲೂ ನಾನು ಅಷ್ಟು ಸಮವಾದ ಕೊರೆತವನ್ನು ಹೆಚ್ಚು ನೋಡಿರಲಿಲ್ಲ.

ಐಸಿನ ಡ್ರಮ್ಮಿನಲ್ಲಿ ಈ ಸಲ ಆರು ಗಂಟೆ ಇಟ್ಟೆವು. ತೆಗೆದು ತಿರುಗಿಸಿದರೆ ಎಳೆತ ಎರಡು ಕಿಲೋ. ಮೊದಲೂ ಎರಡು, ಕೊನೆಗೂ ಎರಡು. ಸಹಿ ಹಾಕುವ ಮೊದಲು ನಾನು ಕಣ್ಣು ಮುಚ್ಚಿ ಮತ್ತೊಮ್ಮೆ ತಿರುಗಿಸಿದೆ. ಕೈಗೂ ಸರಿ ಎನ್ನಿಸಿತು.

ಹೊರಡುವ ದಿನ ಹುಲಿಗೆಮ್ಮನಿಗೆ ಹೇಳಿಹೋಗಲು ಗದ್ದೆಯ ಕಡೆ ಹೋದೆ. "ಅಲ್ಲೇ ತಂಗಿ, ಅದು ಮ್ಯಾಲ ಏನ ನೋಡಾಕ ಹೋಗಿತ್ತು?" ಎಂದು ಕೇಳಿದಳು.

"ಒಂದು ಚುಕ್ಕಿ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣಂಗಿಲ್ಲ."

"ನೋಡ್ಲಿ ಬಿಡು. ಇನ್ನೊಂದ ಸಲ ಬೀಳಾಕತ್ರ ಮಾತ್ರ ಕೊಯ್ಲು ಮುಗದ ಮ್ಯಾಲ ಬೀಳ್ರಿ ಅಂತ ಹೇಳು" ಎಂದಳು.

ಆರು ದಿನಗಳ ನಂತರ ಎರಡನೆಯ ಬಲೂನು ಏರಿತು. ಈ ಸಲ ನಾನು ಹೈದರಾಬಾದಿನ ಕಂಟ್ರೋಲ್ ರೂಮಿನಲ್ಲಿದ್ದೆ. ಕಾಗದದ ಪಟ್ಟಿಯ ಮೇಲೆ ಪೆನ್ನು ಗೆರೆ ಎಳೆಯುತ್ತಿತ್ತು. ಹತ್ತೂವರೆ ದಾಟಿತು. ಹನ್ನೊಂದು. ಹನ್ನೆರಡು. ದೂರದರ್ಶಕ ತನ್ನ ನಕ್ಷತ್ರವನ್ನು ಬಿಡಲಿಲ್ಲ. ಒಂದು ಗಂಟೆಗೆ ಪ್ರೊಫೆಸರರು ಟೇಬಲ್ಲಿನ ಫೋನನ್ನು ನನ್ನ ಕಡೆ ಸರಿಸಿ, "ಮೊದಲು ಸಿಂಧನೂರಿಗೆ ಮಾಡಿ" ಎಂದರು.

ಟ್ರಂಕ್ ಕಾಲ್ ಸಿಗಲು ಮುಕ್ಕಾಲು ಗಂಟೆಯಾಯಿತು. ಖಾದರಸಾಬರು ಮಿಲ್ಲಿನ ಆಫೀಸಿಗೆ ಓಡಿ ಬಂದಿರಬೇಕು, ಏದುಸಿರು ಕೇಳುತ್ತಿತ್ತು. "ಮೇಡಂ ರೀ, ಮ್ಯಾಲ ತಿರಗಾಕತ್ತೈತೇನ್ರೀ?"

"ತಿರಗಾಕತ್ತೈತಿ ಖಾದರಸಾಬ್ರ. ನಾಕು ತಾಸು ಆತು. ಒಮ್ಮೆನೂ ನಿಂತಿಲ್ಲ."

ಅವರು ಫೋನು ಹಿಡಿದೇ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು: "ಲೇ, ನಮ್ಮ ಲೈನರ್ ತಿರಗಾಕತ್ತೈತಂತ ಆಕಾಶದಾಗ! ಎಲ್ಲಾರಿಗೂ ಚಾ ಹೇಳ್ರೋ!"

ಆ ಹಾರಾಟದ ಫಲಿತಾಂಶವನ್ನು ಪ್ರೊಫೆಸರರು ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊನೆಯ ಪುಟದಲ್ಲಿ ಕೃತಜ್ಞತೆ ಹೇಳುವ ಕಡೆ, ದೊಡ್ಡ ದೊಡ್ಡ ವಿಜ್ಞಾನಿಗಳ ಹೆಸರಿನ ನಡುವೆ, ಸಿಂಧನೂರಿನ ಖಾದರಸಾಬರ ಹೆಸರೂ ಹುಲಿಗೆಮ್ಮನ ಹೆಸರೂ ಇತ್ತು. ಆ ಪುಟದ ಪ್ರತಿಯನ್ನು ನಾನೇ ಒಯ್ದು ಇಬ್ಬರಿಗೂ ಕೊಟ್ಟು, ಓದಿ ಅರ್ಥ ಹೇಳಿ ಬಂದೆ.

ರಾಯರು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಇನ್‌ಸ್ಪೆಕ್ಷನ್ ಫಾರಂ ಬದಲಿಸಿದ್ದು. ಸರಿ, ಸರಿಯಲ್ಲ ಎಂಬ ಎರಡು ಖಾನೆಗಳ ಪಕ್ಕದಲ್ಲಿ ಮೂರನೆಯದೊಂದನ್ನು ಹಾಕಿಸಿದರು: "ಕೈಗೆ ಏನನ್ನಿಸಿತು?" ಬೇರೆ ಕಂಪನಿಯವರು ನೋಡಿ ನಕ್ಕರು. ತೊಂಬತ್ತರ ದಶಕದಲ್ಲಿ ಉಪಗ್ರಹಗಳ ಭಾಗಗಳು ನಮಗೆ ಬರತೊಡಗಿದವು. ಕಂಪನಿ ಹದಿನೇಳು ಜನರಿಂದ ನೂರ ಎಂಬತ್ತಕ್ಕೆ ಬೆಳೆಯಿತು. ೧೯೯೬ರಲ್ಲಿ ಒಂದು ಉಪಗ್ರಹದ ಕೀಲು ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿ ಪೆಟ್ಟಿಗೆಯೊಳಗೆ ಕೂತಿತ್ತು, ಲಾರಿ ಗೇಟಿನಲ್ಲಿತ್ತು. ಆಗ ತಾನೇ ಕೆಲಸಕ್ಕೆ ಸೇರಿದ್ದ ಒಬ್ಬಳು ಇನ್‌ಸ್ಪೆಕ್ಟರ್ ಮೂರನೆಯ ಖಾನೆಯಲ್ಲಿ "ಎರಡನೆಯ ಸುತ್ತಿನಲ್ಲಿ ಒಂದು ಕಡೆ ತಡೆದಂತಾಯಿತು" ಎಂದು ಬರೆದಿದ್ದಳು. ಆಗ ನಾನು ವಿಭಾಗದ ಮುಖ್ಯಸ್ಥೆ. ಆ ಕಾಗದ ಹಿಡಿದು ರಾಯರ ಹತ್ತಿರ ಹೋದೆ. ಅವರು ಓದಿದರು, ಒಂದು ಪ್ರಶ್ನೆಯನ್ನೂ ಕೇಳದೆ ಲಾರಿಯನ್ನು ವಾಪಸು ಕಳಿಸಿದರು. ಬಿಚ್ಚಿ ನೋಡಿದಾಗ ಒಳಗೆ ಲೋಹದ ಒಂದು ಸಣ್ಣ ಸಿಬರು ಸಿಕ್ಕಿತು.

ಈಗ ನಾನು ನಿವೃತ್ತಳು. ಕೋಟ್ಯಧೀಶರು ತಮ್ಮ ತಮ್ಮ ರಾಕೆಟ್ಟು ಹಾರಿಸುವುದನ್ನು ಟಿವಿಯಲ್ಲಿ ತೋರಿಸುವಾಗ ಮನೆಗೆ ಬಂದವರು ನನ್ನನ್ನು ಕೇಳುತ್ತಾರೆ, ಬಾಹ್ಯಾಕಾಶವನ್ನು ಖಾಸಗಿಯವರ ಕೈಗೆ ಕೊಡಬಹುದೇ ಎಂದು. ನಾನು ಸಿರಿವಂತರೊಬ್ಬರ ಕಂಪನಿಯಲ್ಲೇ ಮೂವತ್ತು ವರ್ಷ ದುಡಿದವಳು. ರಾಕೆಟ್ಟಿನ ಮೇಲೆ ಯಾರ ಹೆಸರಿದೆ ಎಂಬುದು ನನಗೆ ಮುಖ್ಯವೆನಿಸುವುದಿಲ್ಲ. ಕೆಳಗೆ ಕೆಲಸ ಮಾಡುವವಳೊಬ್ಬಳು, ಎಲ್ಲ ಸಂಖ್ಯೆಗಳೂ ಸರಿಯಿರುವಾಗ, ನನಗೆ ಸಂಶಯವಿದೆ ಎಂದು ಬಂದು ಹೇಳಿದರೆ ಆ ಮಾಲೀಕರು ಲಾರಿಯನ್ನು ನಿಲ್ಲಿಸುತ್ತಾರೆಯೇ ಎಂದಷ್ಟೇ ನಾನು ಕೇಳುತ್ತೇನೆ. ನಮ್ಮ ರಾಯರು ನಿಲ್ಲಿಸುತ್ತಿದ್ದರು.